ನಾಲ್ಕನೇ ಪುಟದ ಇಂಚು

ಈ ಸಲ ಮೇ ತಿಂಗಳಲ್ಲಿ ಚೆಟ್ಟಳ್ಳಿ ಕಡೆಯ ಆ ಎಸ್ಟೇಟಿನ ಆಫೀಸಿಗೆ ಮತ್ತೆ ಹೋಗಿದ್ದೆ. ಮಳೆ ಅಳೆಯುವ ತಾಮ್ರದ ಪಾತ್ರೆಯನ್ನು ಯಾರೋ ಹುಣಸೆಹುಳಿ ಹಾಕಿ ಉಜ್ಜಿ ಜಗಲಿಯ ಮೇಲೆ ಬೋರಲು ಹಾಕಿದ್ದರು. ಆ ಹುಳಿವಾಸನೆಯೂ ಒಳಗಿನ ತೇವದ ಗೋಣಿಚೀಲಗಳ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮೂರು ವರ್ಷವಾಗಿದೆ, ಆದರೂ ಹಾಗೆಯೇ ಆಗುತ್ತದೆ. ಆ ಜುಲೈ ತಿಂಗಳ ಒಂದು ವಾರ ನನ್ನ ಮೈಯೊಳಗೆ ಎಲ್ಲೋ ಕೂತುಬಿಟ್ಟಿದೆ.

ನಾನು ಕುಶಾಲನಗರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ನಮ್ಮದು ಮಡಿಕೇರಿಯಲ್ಲಿ ದೇವಸ್ಥಾನದ ಪೂಜೆ ನೋಡಿಕೊಂಡಿದ್ದ ಮನೆ. ಕೆಲಸ ಸಿಕ್ಕಿದ ಮೇಲೆ ಇಳಿದು ಹೊಳೆಯ ಪಕ್ಕಕ್ಕೆ ಬಂದೆ. ಪಾಠದ ಹೊರಗೆ ನನಗಿದ್ದ ಇನ್ನೊಂದು ಕೆಲಸ ‘ಮಳೆಪಟ್ಟಿ’ಯ ಕೈಪಿಡಿ. ಮಳೆಪಟ್ಟಿ ಎಂಬುದು ಒಂದು ತಂತ್ರಾಂಶ. ಅದಕ್ಕೆ ಒಡೆಯರಿಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗಿನ ಕೋಡು ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಶುರು ಮಾಡಿದವಳು ಬಾಳೆಲೆಯ ದೇಚಮ್ಮ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಬಂದು, ಕಾಫಿ ತೋಟ, ಎರಡು ಹಸು, ಒಂದು ಲ್ಯಾಪ್‌ಟಾಪು ಮೂರನ್ನೂ ಒಬ್ಬಳೇ ನಿಭಾಯಿಸುತ್ತಿದ್ದವಳು. ಜಿಲ್ಲೆಯಲ್ಲಿ ಗುಡ್ಡಗಳು ಕುಸಿದು ಜನ ಹೋದ ಆ ಮಳೆಗಾಲ ಕಳೆದ ಮೇಲೆ ಅವಳಿಗೆ ಹೊಳೆದದ್ದು ಸರಳವಾದ ಸಂಗತಿ: ಕೊಡಗಿನ ಎಸ್ಟೇಟುಗಳಲ್ಲಿ ತಲೆಮಾರುಗಳಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ, ಆ ಲೆಕ್ಕ ಪುಸ್ತಕದಲ್ಲೇ ಉಳಿದುಬಿಡುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕಿದರೆ, ಮೂರು ದಿನದ ಮಳೆ ಒಂದು ಮಿತಿ ದಾಟಿದ ಕೂಡಲೇ ಗುಡ್ಡದ ಕೆಳಗಿನ ಮನೆಯವರ ಫೋನಿಗೆ ಒಂದು ಕರೆ ಹೋಗುವಂತೆ ಮಾಡಬಹುದು. ‘ಮಳೆ ಮಿತಿ ಮೀರಿದೆ, ಈಗಲೇ ಮನೆ ಬಿಟ್ಟು ಶಾಲೆಗೆ ಹೋಗಿ’ ಎಂದು ಆ ಕರೆಯಲ್ಲಿ ಹೇಳುವ ದನಿ ದೇಚಮ್ಮನದೇ.

ಕೋಡು ಅವಳದು, ಕನ್ನಡ ಕೈಪಿಡಿ ನನ್ನದು. ಹೊಸ ಆವೃತ್ತಿ ಬಂದಾಗಲೆಲ್ಲ ಏನು ಬದಲಾಯಿತು, ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ನಾನು ಪುಟಗಳನ್ನು ತಿದ್ದಬೇಕು. ಇಪ್ಪತ್ತಾರು ಕಡೆ ಮಳೆ ಬರೆಯುವವರಿದ್ದರು. ಹೆಚ್ಚಿನವರು ಎಸ್ಟೇಟಿನ ರೈಟರುಗಳು, ಅಂದರೆ ಆಳುಗಳ ಹಾಜರಿ, ದಿನದ ಕೆಲಸ ಎಲ್ಲ ಬರೆದಿಡುವವರು. ಇಂಗ್ಲಿಷಿನ ಟಿಪ್ಪಣಿಯನ್ನು ಅವರು ನೋಡುತ್ತಿರಲಿಲ್ಲ. ನನ್ನ ಪುಟವನ್ನೇ ನೋಡುತ್ತಿದ್ದರು.

ಆ ಜೂನಿನಲ್ಲಿ ಹೊರ ರಾಜ್ಯಗಳ ಎರಡು ಗುಡ್ಡಗಾಡಿನ ಗುಂಪುಗಳು ಮಳೆಪಟ್ಟಿ ಬಳಸಲು ಶುರು ಮಾಡಿದವು. ಅವರ ಲೆಕ್ಕವೆಲ್ಲ ಮಿಲಿಮೀಟರಿನಲ್ಲಿ. ನಮ್ಮವರದು ಇಂಚು, ಸೆಂಟು. ಒಂದು ಇಂಚಿನ ನೂರನೇ ಒಂದು ಭಾಗಕ್ಕೆ ಇಲ್ಲಿ ಸೆಂಟು ಅನ್ನುತ್ತಾರೆ. ದೇಚಮ್ಮ ಯೋಚಿಸಿ, ಎಲ್ಲರಿಗೂ ಮಿಲಿಮೀಟರೇ ಇರಲಿ ಎಂದು ತೀರ್ಮಾನಿಸಿದಳು. ಜುಲೈ ಎರಡನೇ ವಾರದ ಗುರುವಾರ ಬೆಳಿಗ್ಗೆ ನನಗೆ ಫೋನು ಮಾಡಿದಳು.

“ಅಕ್ಕ, ಹೊಸ ವರ್ಷನ್ ರೆಡಿ. ಇವತ್ತೇ ಬಿಡ್ಲಾ, ನಿಮ್ಮ ಪುಟ ಆಗೋವರೆಗೆ ಕಾಯ್ಲಾ?”

“ಎಂತ ಬದಲಾಗಿದೆ?”

“ಅಳತೆ ಒಂದು. ಮತ್ತೆ ಸಣ್ಣಪುಟ್ಟದ್ದು ನಾಲ್ಕೈದು. ಆಚೆಯವರು ಕಾಯ್ತಾ ಇದ್ದಾರೆ.”

“ಬಿಡು. ನಾನು ಭಾನುವಾರದೊಳಗೆ ಮಾಡಿಬಿಡ್ತೀನಿ” ಅಂದೆ.

ಭಾನುವಾರ ನನ್ನ ಮುಂದೆ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ತಿದ್ದಿದೆ. ಲೆಕ್ಕ ಸರಿ ಮಾಡಿ ಕೊನೆಗೆ ಮಾನ ಬರೆಯದವರಿಗೆಲ್ಲ ಅರ್ಧರ್ಧ ಅಂಕ ಕಡಿದೆ. ಬರೀ ‘ಐದು’ ಅಂದರೆ ಏನು, ಐದು ಮೀಟರೋ ಐದು ಮೈಲಿಯೋ ಎಂದು ಕೆಂಪು ಶಾಯಿಯಲ್ಲಿ ಅಂಚಿನಲ್ಲಿ ಬರೆದೆ. ಕೈಪಿಡಿಯ ಪುಟ ಮುಟ್ಟಲಿಲ್ಲ. ಸೋಮವಾರ ಮಾಡಿದರಾಯಿತು ಅಂದುಕೊಂಡೆ. ಸೋಮವಾರ ಮಧ್ಯಾಹ್ನ ಮಳೆ ಹಿಡಿಯಿತು.

ಹಿಡಿದ ಮಳೆ ಬಿಡಲಿಲ್ಲ. ಮಂಗಳವಾರ ಕಾಲೇಜಿನಲ್ಲಿ ಪಾಠ ಕೇಳಿಸದೆ ಮಕ್ಕಳು ನನ್ನ ಬಾಯಿ ನೋಡುತ್ತ ಕೂತಿದ್ದರು. ಬುಧವಾರ ರಜೆ ಘೋಷಿಸಿದರು. ನಮ್ಮ ಬೀದಿಯ ಕೊನೆಯಲ್ಲಿ ನಿಂತರೆ ಹೊಳೆ ಕಾಣುತ್ತದೆ. ಅದು ಕೆಂಪಾಗಿ, ದಪ್ಪವಾಗಿ, ಸದ್ದಿಲ್ಲದೆ ಏರುತ್ತಿತ್ತು. ಆ ದಿನವೆಲ್ಲ ಕೆಳಗಿನ ಸಾಮಾನನ್ನು ಮಹಡಿಗೆ ಸಾಗಿಸುವುದರಲ್ಲೇ ಕಳೆಯಿತು. ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ, ಮಹಡಿಯ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಅಂತೂ ಪುಟ ತಿದ್ದೋಣವೆಂದು ಲ್ಯಾಪ್‌ಟಾಪು ತೆರೆದೆ. ಮೊದಲು ಮಳೆಪಟ್ಟಿಯ ನಕ್ಷೆ ನೋಡಿದೆ.

ನಕ್ಷೆ ತಿಳಿಹಸಿರಾಗಿತ್ತು. ಮಳೆ ಕಡಿಮೆಯಿದ್ದರೆ ತಿಳಿಹಸಿರು, ಹೆಚ್ಚಿದಂತೆ ಹಳದಿ, ಮಿತಿ ದಾಟಿದರೆ ಕೆಂಪು. ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕಿ ಬಿಟ್ಟರೆ ಇಡೀ ಉತ್ತರ ಕೊಡಗು, ಬೇಸಿಗೆಯ ತುಂತುರು ಬಿದ್ದ ದಿನದಂತೆ, ತಿಳಿಹಸಿರು. ಕಿಟಕಿಯಿಂದ ನೋಡಿದರೆ ಎದುರು ಮನೆ ಕಾಣದಷ್ಟು ಮಳೆ.

ಒಂದು ಕ್ಷಣ ತಂತ್ರಾಂಶ ಕೆಟ್ಟಿದೆ ಅಂದುಕೊಂಡೆ. ಚೆಟ್ಟಳ್ಳಿಯ ಚುಕ್ಕಿಯನ್ನು ಒತ್ತಿದೆ. ಮಂಗಳವಾರ 4.20, ಬುಧವಾರ 5.35, ಗುರುವಾರ 3.80. ಪಕ್ಕದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಮಿಲಿಮೀಟರ್ ಅಂತ ಇತ್ತು. ಕೈಯಲ್ಲಿದ್ದ ಲೋಟ ಎಲ್ಲಿಟ್ಟೆನೋ ನೆನಪಿಲ್ಲ.

ಆ ಎಸ್ಟೇಟಿನ ರೈಟರ್ ಮೋಣಪ್ಪನವರು. ಅರೆಭಾಷೆ ಗೌಡರು, ಅರುವತ್ತರ ಹತ್ತಿರದವರು, ಮೂವತ್ತು ವರ್ಷದಿಂದ ಒಂದು ದಿನವೂ ತಪ್ಪದೆ ಮಳೆ ಬರೆದವರು. ಎರಡನೇ ಸಲಕ್ಕೆ ಫೋನು ಸಿಕ್ಕಿತು.

“ಮೋಣಪ್ಪನವರೇ, ಇವತ್ತಿನ ಮಳೆ ಎಷ್ಟು?”

“ಮೂರು ಇಂಚು ಎಂಬತ್ತು ಸೆಂಟು ಮೇಡಂ. ನಿನ್ನೆ ಐದು ಮೂವತ್ತೈದು. ಕಂಪ್ಯೂಟರಿಗೆ ಹಾಕಿಯಾಗಿದೆ.”

“ಇಂಚಿನಲ್ಲೇ ಹಾಕಿದ್ರಾ?”

“ಹೌದು. ನೀವು ಬರೆದ ಹಾಗೇ.”

ನಾಲ್ಕನೇ ಪುಟದ ಆ ಸಾಲು ನನಗೆ ಬಾಯಿಪಾಠ. ‘ಮಳೆಯನ್ನು ಇಂಚಿನಲ್ಲಿ ಬರೆಯಿರಿ. ಉದಾಹರಣೆಗೆ, ನಾಲ್ಕು ಇಂಚು ಇಪ್ಪತ್ತು ಸೆಂಟು ಇದ್ದರೆ 4.20.’ ಅದಕ್ಕಿಂತ ಮೊದಲು, ಎರಡನೇ ಪುಟದಲ್ಲಿ, ದಪ್ಪಕ್ಷರದಲ್ಲಿ: ‘ಹೊಸ ಆವೃತ್ತಿ ಬಂದ ಕೂಡಲೇ ಹಾಕಿಕೊಳ್ಳಿ.’ ಮೋಣಪ್ಪನವರು ಎರಡನ್ನೂ ಪಾಲಿಸಿದ್ದರು. ಮೂರು ದಿನ ಸೇರಿ ಹದಿಮೂರು ಇಂಚಿನ ಮೇಲೆ ಬಿದ್ದ ಮಳೆಯನ್ನು ಯಂತ್ರ ಹದಿಮೂರು ಮಿಲಿಮೀಟರ್ ಎಂದು ತಿಳಿದು ಸುಮ್ಮನೆ ಕೂತಿತ್ತು. ನಮ್ಮ ಮಿತಿ ಎಂಟು ಇಂಚು. ಬುಧವಾರ ಬೆಳಿಗ್ಗೆಯೇ ದಾಟಿಯಾಗಿತ್ತು. ಕರೆ ಹೋಗಬೇಕಾಗಿದ್ದದ್ದು ಆಗ.

“ಅದನ್ನು ತೆಗೆದು ಮಿಲಿಮೀಟರಿನಲ್ಲಿ ಹಾಕಬೇಕು, ಈಗಲೇ” ಅಂದೆ. “ನೂರಾ ಆರು...”

“ಕರೆಂಟಿಲ್ಲ ಮೇಡಂ. ಎಂಟೂಕಾಲಿಗೆ ಹೋಯ್ತು. ಬ್ಯಾಟರಿಯೂ ಸತ್ತುಂಟು.”

ಆಯಾ ಸ್ಥಳದ ಲೆಕ್ಕವನ್ನು ಆಯಾ ಕಂಪ್ಯೂಟರಿನಿಂದ ಮಾತ್ರ ತಿದ್ದಬಹುದಿತ್ತು. ಬೇರೆಯವರು ಕೈ ಹಾಕಬಾರದೆಂದು ನಾವೇ ಮಾಡಿದ್ದ ಕಟ್ಟುಪಾಡು. “ಹಾಗಾದರೆ ಲೈನಿಗೆ ಹೋಗಿ ಎಲ್ಲರನ್ನೂ ಎಬ್ಬಿಸಿ” ಅಂದೆ. ಲೈನು ಅಂದರೆ ಆಳುಗಳ ಸಾಲುಮನೆ. ಆ ಎಸ್ಟೇಟಿನಲ್ಲಿ ಅದು ಕಡಿದ ಗುಡ್ಡದ ಬುಡಕ್ಕೆ ಬೆನ್ನು ಕೊಟ್ಟು ನಿಂತಿತ್ತು, ಒಂಬತ್ತು ಮನೆ.

ಇಪ್ಪತ್ತು ನಿಮಿಷ ಅವರಿಂದ ಸುದ್ದಿ ಇಲ್ಲ. ಅಷ್ಟರಲ್ಲಿ ನಾನು ದೇಚಮ್ಮನಿಗೆ ಆರು ಸಲ ಫೋನು ಮಾಡಿದೆ. ಬಾಳೆಲೆಯ ಟವರು ಬಿದ್ದಿತ್ತೋ ಏನೋ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ದನಿ. ಆಮೇಲೆ ಮೋಣಪ್ಪನವರೇ ಮಾಡಿದರು. ಮಳೆಯ ಸದ್ದಿನಲ್ಲಿ ಅವರು ಕೂಗಿ ಮಾತಾಡಬೇಕಾಗಿತ್ತು.

“ಯಾರೂ ಏಳ್ತಾ ಇಲ್ಲ ಮೇಡಂ. ಫೋನು ಮಾತಾಡ್ಲಿಲ್ಲ ಅಂತಾರೆ. ಹೋದ ವರ್ಷ ಎರಡು ಸರ್ತಿ ಫೋನು ಹೇಳಿತು, ಹೋದೆವು, ಎಂತದೂ ಆಗ್ಲಿಲ್ಲ, ಈ ಸರ್ತಿ ಅದೂ ಹೇಳ್ಲಿಲ್ಲ ಅಂತಾರೆ. ಸೆಲ್ವಿಗೆ ಕೊಡ್ತೇನೆ, ನೀವೇ ಹೇಳಿ. ಅವಳು ಎದ್ದರೆ ಎಲ್ಲರೂ ಏಳ್ತಾರೆ.”

ಸೆಲ್ವಿಯನ್ನು ನಾನು ಒಮ್ಮೆ ನೋಡಿದ್ದೆ. ಕಾಫಿ ಕೊಯ್ಲಿನಲ್ಲಿ ಎಲ್ಲರಿಗಿಂತ ಮುಂದಿರುವವಳು, ಮಾತು ಕಡಿಮೆ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಓದುಬರಹ ಎರಡರಲ್ಲೂ ಇಲ್ಲ. ಹೋದ ವರ್ಷ ಆ ಒಂಬತ್ತು ಮನೆಯವರಿಗೂ ಫೋನಿನ ದನಿಯನ್ನು ನಂಬಬೇಕೆಂದು ಒಪ್ಪಿಸಿದ್ದವಳು ಅವಳೇ.

“ಸೆಲ್ವಿ, ಎಲ್ಲರೂ ಶಾಲೆಗೆ ಹೋಗಿ. ಮಳೆ ಮಿತಿ ಮೀರಿದೆ.”

“ಫೋನು ಬರಲಿಲ್ಲವಲ್ಲ ಮೇಡಂ.”

“ಕಂಪ್ಯೂಟರ್ ಹಾಳಾಗಿದೆ” ಅಂದೆ. ಬಾಯಿಗೆ ಮೊದಲು ಬಂದದ್ದು ಅದೇ.

“ಸರಿ ಮಾಡ್ತಾರಲ್ಲ? ಸರಿಯಾದ ಮೇಲೆ ಅದೇ ಹೇಳುತ್ತೆ. ಅತ್ತೆಗೆ ಜ್ವರ ಇದೆ. ಈ ಮಳೆಯಲ್ಲಿ ಎತ್ತಿಕೊಂಡು ಹೋಗಬೇಕು.”

ಅವಳ ಮಾತಿನಲ್ಲಿ ಹಟವಿರಲಿಲ್ಲ. ನಾವು ಕಲಿಸಿದ್ದನ್ನೇ ಅವಳು ಹೇಳುತ್ತಿದ್ದಳು: ಊಹೆ ಬೇಡ, ಗಾಳಿಸುದ್ದಿ ಬೇಡ, ಅಳತೆಯನ್ನು ನಂಬಿ. ಇನ್ನೊಂದು ಸುಳ್ಳು ಹುಡುಕಲು ಹೊತ್ತಿರಲಿಲ್ಲ.

“ಸೆಲ್ವಿ, ಕೇಳು. ಕಂಪ್ಯೂಟರ್ ಹಾಳಾಗಿಲ್ಲ. ನಾನು ತಪ್ಪು ಬರೆದಿದ್ದೆ. ಹೋದ ವಾರ ಅಳತೆ ಬದಲಾಯಿತು, ಆ ಪುಟ ತಿದ್ದಬೇಕಾದವಳು ನಾನು, ತಿದ್ದಲಿಲ್ಲ. ಮೋಣಪ್ಪನವರು ನನ್ನ ಪುಟ ನಂಬಿ ಬರೆದರು. ಅದಕ್ಕೇ ಯಂತ್ರಕ್ಕೆ ಮಳೆಯೇ ಇಲ್ಲ ಅಂತ ಕಾಣ್ತಿದೆ. ನಿನ್ನೆ ಬೆಳಿಗ್ಗೆಯೇ ನಿಮಗೆ ಫೋನು ಬರಬೇಕಿತ್ತು.”

“ನಿನ್ನೆಯೇ?” ಅಂದಳು.

“ನಿನ್ನೆಯೇ.”

ಅವಳು ಫೋನನ್ನು ಮೋಣಪ್ಪನವರ ಕೈಗೆ ಕೊಟ್ಟಳು. ತಮಿಳಿನಲ್ಲಿ ಅವಳು ಯಾರನ್ನೋ ಕೂಗುವುದು ಕೇಳಿಸಿತು. ನಂತರ ಬಾಗಿಲುಗಳ ಸದ್ದು, ಪಾತ್ರೆಯ ಸದ್ದು. “ಎದ್ದರು ಮೇಡಂ” ಅಂದು ಮೋಣಪ್ಪನವರು ಫೋನಿಟ್ಟರು.

ಉಳಿದ ಇಪ್ಪತ್ತೈದು ಜನರ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೇ ಫೋನು ಮಾಡತೊಡಗಿದೆ. ಪ್ರಶ್ನೆ ಒಂದೇ: ಇಂಚಾ, ಮಿಲಿಮೀಟರಾ? ಕೆಲವರು ಹೊಸ ಆವೃತ್ತಿ ಹಾಕಿಕೊಂಡೇ ಇರಲಿಲ್ಲ, ನಕ್ಷೆಯ ಮೇಲಿದ್ದ ಕೆಂಪು ಚುಕ್ಕಿಗಳು ಅವರವೇ. ಅವರ ಸೋಮಾರಿತನಕ್ಕೆ ಆ ದಿನ ಕೈ ಮುಗಿಯಬೇಕೆನಿಸಿತು. ಹತ್ತು ಜನ ಇಂಚಿನಲ್ಲೇ ಹಾಕಿದ್ದರು. ಕರೆಂಟು ಇದ್ದವರಿಗೆ ಫೋನಿನಲ್ಲೇ ಲೆಕ್ಕ ಹೇಳಿ ತಿದ್ದಿಸಿದೆ. ಇಂಚನ್ನು ಇಪ್ಪತ್ತೈದು ಪಾಯಿಂಟ್ ನಾಲ್ಕರಿಂದ ಗುಣಿಸಿ, ಮತ್ತೊಮ್ಮೆ ಓದಿ ಹೇಳಿ, ಹೌದು, ಈಗ ಒತ್ತಿ. ನಕ್ಷೆಯ ಮೇಲೆ ಒಂದೊಂದೇ ಚುಕ್ಕಿ ಹಸಿರಿನಿಂದ ನೇರ ಕೆಂಪಿಗೆ ಹಾರುತ್ತಿತ್ತು. ಪ್ರತಿ ಕೆಂಪು ಚುಕ್ಕಿಯ ಕೆಳಗೂ ಒಂದಿಷ್ಟು ಮನೆಗಳಲ್ಲಿ ಈಗ ಫೋನು ರಿಂಗಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಇಬ್ಬರು ಸಿಗಲೇ ಇಲ್ಲ.

ಹನ್ನೊಂದೂವರೆಗೆ ದೇಚಮ್ಮನ ಕರೆ ಬಂತು. ಬೆಳಿಗ್ಗೆಯಿಂದ ಫೋನಿಗೆ ಜೀವವಿಲ್ಲವೆಂದು ಅವಳು ಕೊಡೆ ಹಿಡಿದು ತೋಟದ ಮೇಲಿನ ಬಾಣೆಯ ಹುಲ್ಲುಗುಡ್ಡಕ್ಕೆ, ಸಿಗ್ನಲ್ ಸಿಗುವ ಒಂದೇ ಬಂಡೆಗೆ ಹತ್ತಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ.

“ಹಳೇ ಅಳತೆಗೇ ವಾಪಸ್ ಹಾಕಿಬಿಡ್ತೀನಿ” ಅಂದೆ. ಹೊಸ ಆವೃತ್ತಿ ಬಿಡುಗಡೆ ಮಾಡುವ ಕೀಲಿ ನನ್ನ ಬಳಿಯೂ ಒಂದಿತ್ತು. ತನಗೇನಾದರೂ ಆದರೆ ಇರಲಿ ಎಂದು ಹಿಂದಿನ ವರ್ಷ ಕೊಟ್ಟಿದ್ದಳು. ನಾನು ಅದನ್ನು ಬಳಸಿರಲಿಲ್ಲ.

“ಬೇಡ ಅಕ್ಕ. ಆಚೆಯವರು ಮಿಲಿಮೀಟರಿನಲ್ಲಿ ಹಾಕ್ತಾ ಇದ್ದಾರೆ. ವಾಪಸ್ ಹಾಕಿದ್ರೆ ಅವರ ಐದು ಮಿಲಿಮೀಟರ್ ಐದು ಇಂಚಾಗ್ತದೆ. ಅಲ್ಲಿ ಸುಮ್ಮಸುಮ್ಮನೆ ಊರೆಲ್ಲ ಓಡ್ತದೆ. ಮುಂದಿನ ಸಲ ಯಾರೂ ನಂಬೋದಿಲ್ಲ.”

“ಮತ್ತೆಂತ ಮಾಡೋದು?”

“ಮಾನ ಬರೀದೆ ಲೆಕ್ಕ ತೆಗೆದುಕೊಳ್ಳಲೇಬಾರದು. ಇಂಚೋ ಮಿಲಿಮೀಟರೋ ಆರಿಸಿದ್ರೆ ಮಾತ್ರ ಮುಂದೆ ಹೋಗ್ಬೇಕು. ಅದನ್ನು ಬರೆದಿಟ್ಟಿದ್ದೇನೆ, ಆನ್ ಮಾಡಿರಲಿಲ್ಲ. ಲ್ಯಾಪ್‌ಟಾಪ್ ಕೆಳಗಿದೆ, ಅಲ್ಲಿ ನೆಟ್ ಇಲ್ಲ. ನೀವೇ ಮಾಡ್ಬೇಕು.”

ನನ್ನ ಲ್ಯಾಪ್‌ಟಾಪಿನಲ್ಲಿ ಕಾಲು ಭಾಗ ಬ್ಯಾಟರಿ ಉಳಿದಿತ್ತು. ಅವಳು ಮಳೆಯಲ್ಲಿ ಬಂಡೆಯ ಮೇಲೆ ನಿಂತು ಒಂದೊಂದೇ ಹೆಜ್ಜೆ ಹೇಳಿದಳು, ನಾನು ಒಂದೊಂದನ್ನೂ ತಿರುಗಿ ಓದಿದೆ. ಎರಡು ಸಲ ಕರೆ ಕಡಿಯಿತು. ಬಿಡುಗಡೆಯ ಗುಂಡಿ ಒತ್ತುವ ಹೊತ್ತಿಗೆ ಅವಳು, “ನಿಲ್ಲಿ, ಮೊದಲು ಪುಟ” ಅಂದಳು. ಹೊರಗೆ ಆ ಮಳೆ, ಬ್ಯಾಟರಿ ಕೆಂಪಿಗೆ ಬಂದಿದೆ. ಆದರೂ ಮೊದಲು ನಾಲ್ಕನೇ ಪುಟ ತಿದ್ದಿದೆ. ಐದು ಸಾಲು. ವಾರದಿಂದ ಮುಂದೂಡಿದ್ದ ಕೆಲಸಕ್ಕೆ ಹಿಡಿದದ್ದು ಆರು ನಿಮಿಷ. ಆಮೇಲೆ ಗುಂಡಿ ಒತ್ತಿದೆ. ಒಂದು ಗಂಟೆಗೆ ಹೊಸ ಆವೃತ್ತಿ ಹೊರಗೆ ಹೋಯಿತು.

ಎರಡೂವರೆಯ ಸುಮಾರಿಗೆ ಮೋಣಪ್ಪನವರು ಫೋನು ಮಾಡಿದರು. ಈ ಸಲ ಕೂಗುತ್ತಿರಲಿಲ್ಲ.

“ಬಂತು ಮೇಡಂ.”

“ಕರೆಂಟಾ?”

“ಗುಡ್ಡ. ಲೈನಿನ ಕೊನೆಯ ನಾಲ್ಕು ಮನೆ ಇಲ್ಲ. ಸೆಲ್ವಿದೂ ಇಲ್ಲ.”

“ಜನ?”

“ಎಲ್ಲ ಶಾಲೆಯಲ್ಲಿದ್ದಾರೆ. ಸೆಲ್ವಿಯ ಗಂಡ ಮುರುಗ ಒಬ್ಬ...” ಅವರು ನಿಲ್ಲಿಸಿದರು. “ರೇಷನ್ ಕಾರ್ಡು ಬಿಟ್ಟು ಬಂದೆ ಅಂತ ಎರಡು ಗಂಟೆಗೆ ಹೋದ. ವಾಪಸ್ ಬಂದಿಲ್ಲ.”

ಮುಂದಿನ ಮುಕ್ಕಾಲು ಗಂಟೆ ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಮಹಡಿಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದೆ. ಒಂದು ದಿನ ಮೊದಲೇ ಕರೆ ಹೋಗಿದ್ದರೆ ಅವನು ರೇಷನ್ ಕಾರ್ಡು, ಬಟ್ಟೆ ಎಲ್ಲ ಕಟ್ಟಿಕೊಂಡು ನಿಧಾನವಾಗಿ ಹೊರಡುತ್ತಿದ್ದ. ನನ್ನ ಭಾನುವಾರಕ್ಕೂ ಅವನಿಗೂ ನಡುವೆ ಬೇರೇನೂ ಇರಲಿಲ್ಲ. ಅದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಬೇರೆ ಲೆಕ್ಕ ಬರಲಿಲ್ಲ.

ಮೂರೂಕಾಲಿಗೆ ಫೋನು ಬಂತು. ಮುರುಗ ಲೈನು ತಲುಪುವ ಮೊದಲೇ ದಾರಿಯ ಮೋರಿ ಒಡೆದಿತ್ತಂತೆ. ಸುತ್ತುಬಳಸಿ ಮೇಲಿನ ರಸ್ತೆ ಹಿಡಿದಿದ್ದ. ಗುಡ್ಡ ಜಾರಿದ ಸದ್ದು ಕೇಳಿ ಆಚೆ ಕಡೆಯೇ ನಿಂತುಬಿಟ್ಟಿದ್ದ. ಫೋನು ನೆನೆದು ಸತ್ತಿತ್ತು. ಯಾರದೋ ಜೀಪು ಹತ್ತಿ ಶಾಲೆಗೆ ಬಂದ. ರೇಷನ್ ಕಾರ್ಡು ಮಣ್ಣಿನಡಿ ಹೋಯಿತು. ನಾನು ಮೆಟ್ಟಿಲ ಮೇಲೆ ಕೂತೇ ಅತ್ತೆ.

ಫೋನು ಸಿಗದ ಆ ಇಬ್ಬರೂ ತಮ್ಮ ಪಾಡಿಗೆ ತಾವು ಜನರನ್ನು ಎಬ್ಬಿಸಿದ್ದರೆಂದು ಮಾರನೆಯ ದಿನ ಗೊತ್ತಾಯಿತು. ಒಬ್ಬರು ಹೇಳಿದ್ದು ನೆನಪಿದೆ: “ಯಂತ್ರ ಹೇಳದಿದ್ರೆ ಎಂತ ಮೇಡಂ, ಪಾತ್ರೆ ತುಂಬಿ ಚೆಲ್ತಾ ಇತ್ತು.”

ಭಾನುವಾರ ಮಳೆ ಬಿಟ್ಟು ಹೊಳವಾದಾಗ ಬಸ್ಸು ಹಿಡಿದು ಹೋದೆ. ಮೋಣಪ್ಪನವರು ಶಾಲೆಯ ಗೇಟಿನಲ್ಲಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಅಂದರು: “ಮೂವತ್ತು ವರ್ಷ ಮಳೆ ಬರೆದವನು ನಾನು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಡಬ್ಬದ ಪಕ್ಕ ಎಂತದೋ ಸಣ್ಣಕ್ಷರದಲ್ಲಿ ಬಂದದ್ದು ಕಂಡಿತ್ತು. ನಿಮ್ಮ ಹಾಳೆಯಲ್ಲಿ ಅದರ ಸುದ್ದಿ ಇಲ್ಲ, ಹಾಗಾಗಿ ಬಿಟ್ಟೆ. ಕೇಳಬೇಕಿತ್ತು.”

“ಕೇಳಬೇಕಾದ ಹಾಗೆ ನಾನು ಬರೆಯಬಾರದಿತ್ತು” ಅಂದೆ. ಅವರು ತಲೆಯಾಡಿಸಿದರು, ಆದರೆ ಒಪ್ಪಿದಂತೆ ಕಾಣಲಿಲ್ಲ.

ಒಳಗೆ, ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಕಿದ್ದ ತರಗತಿಯಲ್ಲಿ, ಅಕ್ಕಿ ಬೇಳೆ ಹಂಚಲು ಬಂದಿದ್ದ ಒಬ್ಬರು ಫೋನಿನ ಆ್ಯಪಿನಿಂದ ಇವರೆಲ್ಲ ಉಳಿದರು ಎಂದು ಜೊತೆಯವರಿಗೆ ವಿವರಿಸುತ್ತಿದ್ದರು. ಸೆಲ್ವಿ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡು ಬಟ್ಟಲು ಕೆಳಗಿಟ್ಟಳು. ನಾನು ಪಕ್ಕದಲ್ಲಿ ಕೂತೆ. ಬುಧವಾರದ ರಾತ್ರಿ ಅವರೆಲ್ಲ ಲೈನಿನಲ್ಲಿ, ಗುಡ್ಡಕ್ಕೆ ತಾಗಿದ ಗೋಡೆಯ ಪಕ್ಕದಲ್ಲೇ ಮಲಗಿದ್ದರು ಎಂಬುದು ಇಬ್ಬರ ಮನಸ್ಸಿನಲ್ಲೂ ಇತ್ತು.

“ನನ್ನ ಮಗಳು ಹಿಂದಿನ ಕೋಣೆಯಲ್ಲಿ ಮಲಗೋದು” ಅಂದಳು ಸೆಲ್ವಿ. “ಈಗ ಆ ಕೋಣೆಯಲ್ಲಿ ಒಂದು ಬಂಡೆ ಇದೆ.”

ಹೇಳಲು ಬಂದದ್ದೆಲ್ಲ ನನ್ನ ಸಮಾಧಾನಕ್ಕಾಗಿ ಎಂದು ಅನಿಸಿತು.

“ಕಂಪ್ಯೂಟರ್ ಹಾಳಾಗಿದೆ ಅಂತ ಮೊದಲು ಹೇಳಿದ್ರಿ. ಆಮೇಲೆ ಯಾಕೆ ನಿಜ ಹೇಳಿದ್ರಿ?”

“ನೀನು ಏಳ್ತಾ ಇರಲಿಲ್ಲ.”

“ಎದ್ದಿದ್ರೆ ಹೇಳ್ತಿರಲಿಲ್ಲ.”

ಅದು ಪ್ರಶ್ನೆಯಾಗಿರಲಿಲ್ಲ. ನಾನು “ಇಲ್ಲ” ಅಂದೆ. ಅವಳು ಬಟ್ಟಲು ಎತ್ತಿಕೊಂಡು ಮತ್ತೆ ಅತ್ತೆಯ ಕಡೆ ತಿರುಗಿದಳು. “ಮುಂದೆ ತಪ್ಪಾದ್ರೆ ಮೊದಲೇ ಹೇಳಿ” ಅಂದಳು, ನನ್ನ ಮುಖ ನೋಡದೆ. “ತಪ್ಪು ಅಂತ ಹೇಳಿದ್ರೆ ನಾವು ಎದ್ದು ಹೋಗ್ತೀವಿ. ಸುಮ್ಮನಿದ್ರೆ ಎಲ್ಲಿ ಹೋಗೋದು?”

ಮನೆಗೆ ಬಂದು ಕೈಪಿಡಿಯ ಮೊದಲ ಪುಟದಲ್ಲಿ ಬರೆದೆ: ನಾಲ್ಕನೇ ಪುಟ ಒಂದು ವಾರ ತಪ್ಪಾಗಿತ್ತು, ಅದರಿಂದ ಎಚ್ಚರಿಕೆ ಒಂದು ದಿನ ತಡವಾಯಿತು, ತಪ್ಪು ನನ್ನದು. ಕೆಳಗೆ ನನ್ನ ಹೆಸರು. ದೇಚಮ್ಮ ಅದರ ಕೆಳಗೆ ತನ್ನ ಹೆಸರನ್ನೂ ಸೇರಿಸಿದಳು. “ಪುಟಕ್ಕೆ ಕಾಯದೆ ಬಿಟ್ಟವಳು ನಾನು” ಅಂದಳು. ಹೊರ ರಾಜ್ಯದ ಒಂದು ಗುಂಪು ಅದನ್ನು ಓದಿ ಮಳೆಪಟ್ಟಿ ಬಿಟ್ಟಿತು. ಇನ್ನೊಂದು ಗುಂಪು ಉಳಿಯಿತು, ತಮ್ಮ ಭಾಷೆಯ ಪುಟಗಳನ್ನು ತಾವೇ ಬರೆಯಲು ಶುರು ಮಾಡಿತು.

ಸೆಪ್ಟೆಂಬರಿನಲ್ಲಿ ಮುಂದಿನ ಆವೃತ್ತಿ ಸಿದ್ಧವಾಯಿತು. ಆ ಹೊತ್ತಿಗೆ ಸೆಲ್ವಿಯ ಕುಟುಂಬ ಎಸ್ಟೇಟಿನ ಮೇಲುಭಾಗದ ಖಾಲಿ ಗೋದಾಮಿನಲ್ಲಿತ್ತು. ಅವಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ನಾನೇ ಅವಳಿಗೆ ಫೋನು ಮಾಡಿ, ಹೊಸ ಪುಟ ಓದುತ್ತೇನೆ, ಕೇಳುತ್ತೀಯಾ ಎಂದೆ. ಓದಲು ಬಾರದವಳಿಗೆ ಅರ್ಥವಾದರೆ ಓದುವವರಿಗೆ ಆಗಿಯೇ ಆಗುತ್ತದೆ ಎಂದು ನನಗೆ ಅನಿಸಿತ್ತು. ನಾಲ್ಕು ಸಾಲು ಓದಿದೆ. ‘ದಿನಕ್ಕೊಮ್ಮೆ ಪಾತ್ರೆಯ ನೀರನ್ನು ಅಳೆದು ಬರೆಯಿರಿ’ ಎಂಬಲ್ಲಿಗೆ ಬಂದಾಗ ಅವಳು ತಡೆದಳು.

“ನಿಲ್ಲಿ ಮೇಡಂ. ಎಷ್ಟು ಗಂಟೆಗೆ?”

“ಬೆಳಿಗ್ಗೆ ಎಂಟಕ್ಕೆ. ಎಲ್ಲರಿಗೂ ಗೊತ್ತಿದೆ.”

“ಗೊತ್ತಿಲ್ಲದವರು ಮಧ್ಯಾಹ್ನ ಅಳೆದ್ರೆ?”

ನಾನು ಮತ್ತೊಮ್ಮೆ ಆ ಸಾಲು ನೋಡಿದೆ. ಕೈಪಿಡಿಯ ಆರು ಪುಟಗಳಲ್ಲಿ ಎಲ್ಲಿಯೂ ನಾವು ಗಂಟೆ ಬರೆದಿರಲಿಲ್ಲ. ದೇಚಮ್ಮನಿಗೆ ಫೋನು ಮಾಡಿ, ಇವತ್ತು ಬಿಡುಗಡೆ ಬೇಡ, ಪುಟ ಇನ್ನೂ ಆಗಿಲ್ಲ ಅಂದೆ. ಎಷ್ಟು ದಿನ ಬೇಕು ಎಂದು ಅವಳು ಕೇಳಲಿಲ್ಲ.

“ಆಯ್ತು ಅಕ್ಕ” ಅಂದಳು. “ನಿಲ್ಲಿಸಿದೆ.”